ಹರ್ಮ್: ಕಾರಿಲ್ಲದ ದ್ವೀಪ



ಇವತ್ತು ತಮ್ಮ ಮುಂದೆ ಹೇಳಹೊರಟಿರುವುದು ಹರ್ಮ್ ಎಂಬ ಒಂದು ಸಣ್ಣ ದ್ವೀಪದ ವಿಷಯ. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವೆ ಇರುವ ಇಂಗ್ಲಿಷ್ ಕಡಲ್ಗಾಲುವೆಯ ಹೆಸರನ್ನು ನಾವೆಲ್ಲ ಶಾಲೆಯ ಭೂಗೋಳದ ಪುಸ್ತಕದಲ್ಲಿ ಓದಿದ್ದೇವೆ. ಆ ಸಮುದ್ರದಲ್ಲಿ, ಫ್ರಾನ್ಸಿನ ದಡಕ್ಕೆ ಹತ್ತಿರವಾಗಿ, ಕೆಲವು ದ್ವೀಪಗಳಿವೆ. ಅವುಗಳಲ್ಲಿ ಜೆರ್ಸಿ ಮತ್ತು ಗರ್ನ್ಸಿ ದೊಡ್ಡವು. ಗರ್ನ್ಸಿಯಿಂದ ಪೂರ್ವಕ್ಕೆ ಮೂರು ಮೈಲು ದೂರದಲ್ಲಿ ಇರುವುದೇ ಹರ್ಮ್. ಉದ್ದ ಒಂದೂವರೆ ಮೈಲು, ಅಗಲ ಅರ್ಧ ಮೈಲು. ನಮ್ಮ ಕಡೆಯ ಒಂದು ಸಾಧಾರಣ ಗ್ರಾಮಕ್ಕಿಂತಲೂ ಚಿಕ್ಕದು. ಅಲ್ಲಿ ವರ್ಷವಿಡೀ ವಾಸಿಸುವವರು ಸುಮಾರು 60 ಮಂದಿ. ಕಾರು ಇಲ್ಲ, ಬಸ್ಸು ಇಲ್ಲ, ಮೋಟಾರ್ ಸೈಕಲ್ ಇಲ್ಲ. ಅಷ್ಟೇ ಏಕೆ, ಪ್ರವಾಸಿಗರು ಸೈಕಲನ್ನು ಕೂಡ ದೋಣಿಯಲ್ಲಿ ಹಾಕಿಕೊಂಡು ಹೋಗುವಂತಿಲ್ಲ.

ಮಗಳು ಮತ್ತು ಅಳಿಯ ಕೆಲಕಾಲ ಗರ್ನ್ಸಿಯಲ್ಲಿ ಉದ್ಯೋಗದಲ್ಲಿದ್ದರು. ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ಒಂದು ಬೇಸಿಗೆಯನ್ನು ಅಲ್ಲಿ ಕಳೆಯುವ ಅವಕಾಶ ನನಗೆ ಸಿಕ್ಕಿತು. ಹರ್ಮ್‌ಗೆ ನಾನು ಮೂರು ಸಲ ಹೋಗಿಬಂದೆ. ಅಂಥ ಸಮುದ್ರ, ಅಂಥ ಮರಳು ಜಗತ್ತಿನಲ್ಲಿ ಬೇರೆಡೆಯೂ ಇದೆ. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ ಒಂದು ಪ್ರಶ್ನೆ. ದೊಡ್ಡ ದೊಡ್ಡ ಊರುಗಳಿಗೆ ಇಷ್ಟು ಸಮೀಪದಲ್ಲಿದ್ದೂ ಈ ಜಾಗ ಇಷ್ಟು ಶಾಂತವಾಗಿ ಹೇಗೆ ಉಳಿಯಿತು? ಉತ್ತರ ಸಮುದ್ರದಲ್ಲಿ ಇಲ್ಲ, ಒಂದು ಗೇಣಿಚೀಟಿಯಲ್ಲಿ ಇದೆ. ಅದನ್ನು ವಿವರಿಸುವ ಮೊದಲು, ಅಲ್ಲಿಗೆ ಹೋಗುವುದು ಹೇಗೆ, ನೋಡುವುದು ಏನು ಎಂಬುದನ್ನು ಕ್ರಮವಾಗಿ ಹೇಳುತ್ತೇನೆ.

ಗರ್ನ್ಸಿಯ ಮುಖ್ಯ ಪಟ್ಟಣ ಸೇಂಟ್ ಪೀಟರ್ ಪೋರ್ಟ್. ಅಲ್ಲಿನ ಬಂದರಿನಿಂದ ಹರ್ಮ್‌ಗೆ ದೋಣಿ ಹೊರಡುತ್ತದೆ. ಪ್ರಯಾಣ ಸುಮಾರು 20 ನಿಮಿಷ. ಬೇಸಿಗೆಯಲ್ಲಿ ದಿನಕ್ಕೆ ಹಲವು ಸಲ ದೋಣಿ ಇರುತ್ತದೆ, ಚಳಿಗಾಲದಲ್ಲಿ ಕಡಿಮೆ. ಗರ್ನ್ಸಿಯಲ್ಲಿ ಅದರದೇ ನೋಟು, ಅದರದೇ ನಾಣ್ಯ. ಬೆಲೆ ಇಂಗ್ಲೆಂಡಿನ ಪೌಂಡಿಗೆ ಸರಿಸಮ. ಇಂಗ್ಲೆಂಡಿನ ನೋಟು ಗರ್ನ್ಸಿಯಲ್ಲಿ ನಡೆಯುತ್ತದೆ, ಗರ್ನ್ಸಿಯ ನೋಟನ್ನು ಇಂಗ್ಲೆಂಡಿನ ಅಂಗಡಿಯವರು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಆದುದರಿಂದ ಊರಿಗೆ ಹೊರಡುವ ಮೊದಲು ಕೈಯಲ್ಲಿರುವುದನ್ನು ಖರ್ಚು ಮಾಡಿಯೋ ಬದಲಿಸಿಯೋ ಬರಬೇಕು. ಇದು ಬ್ಯಾಂಕಿನವನ ಬುದ್ಧಿ, ಹೇಳದೆ ಇರಲಾರೆ.

ದೋಣಿ ಹತ್ತುವಾಗ ಒಂದು ವಿಚಾರವನ್ನು ಕೇಳಿಯೇ ಹತ್ತಬೇಕು. ನಮ್ಮ ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕಡಲಲ್ಲೂ ಭರತ ಇಳಿತ ಉಂಟು. ಆದರೆ ನಮ್ಮಲ್ಲಿ ನೀರು ಏರಿ ಇಳಿಯುವುದು ಹೆಚ್ಚೆಂದರೆ ಐದು ಅಡಿಯ ಆಸುಪಾಸು. ಗರ್ನ್ಸಿಯ ಸಮುದ್ರದಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಭರತದ ದಿನಗಳಲ್ಲಿ ಈ ವ್ಯತ್ಯಾಸ 30 ಅಡಿಯನ್ನು ಮುಟ್ಟುತ್ತದೆ. ಅಂದರೆ ಅರ್ಧ ತೆಂಗಿನ ಮರದ ಎತ್ತರ! ಬೆಳಿಗ್ಗೆ ದೋಣಿ ತೇಲುತ್ತಿದ್ದ ಬಂದರಿನಲ್ಲಿ ಮಧ್ಯಾಹ್ನ ನೋಡಿದರೆ ಬರೀ ಮರಳು, ಕೆಸರು, ವಾಲಿಕೊಂಡು ನಿಂತ ದೋಣಿಗಳು. ಆದುದರಿಂದ ಹರ್ಮ್‌ನಲ್ಲಿ ಇಳಿಯುವ ಜಾಗ ಎರಡು. ನೀರು ಏರಿದ್ದಾಗ ಬಂದರು; ನೀರು ಇಳಿದಿದ್ದಾಗ ಸ್ವಲ್ಪ ದಕ್ಷಿಣಕ್ಕಿರುವ ರೊಜೇರ್ ಮೆಟ್ಟಿಲು. ಬೆಳಿಗ್ಗೆ ಇಳಿದ ಕಡೆಯೇ ಸಂಜೆ ದೋಣಿ ಬರುತ್ತದೆಂದು ನಂಬಿ ಕುಳಿತರೆ, ದೋಣಿ ಇನ್ನೊಂದು ಕಡೆಯಿಂದ ಹೊರಟುಹೋಗಬಹುದು. ಇಳಿಯುವಾಗಲೇ ದೋಣಿಯವರನ್ನು ಕೇಳಿ ತಿಳಿದುಕೊಂಡರೆ ಚಿಂತೆಯಿಲ್ಲ.

ದ್ವೀಪಕ್ಕೆ ಒಂದು ಸುತ್ತು ಹಾಕಲು ನಿಧಾನವಾಗಿ ನಡೆಯುವವರಿಗೆ ಎರಡು, ಎರಡೂವರೆ ಗಂಟೆ ಸಾಕು. ದಕ್ಷಿಣ ಭಾಗ ಎತ್ತರ. ಕರಿಗಲ್ಲಿನ ಕಡಿದಾದ ದಡ, ಕೆಳಗೆ ಅಲೆ, ಮೇಲೆ ಕಾಲುದಾರಿ. ಏಪ್ರಿಲ್‌ನಿಂದ ಜುಲೈವರೆಗೆ ಆ ಕಡೆಯ ಬಂಡೆಗಳ ಬಳಿ ಪಫಿನ್ ಎಂಬ ಹಕ್ಕಿಗಳು ಕಾಣಸಿಗುತ್ತವೆ. ಕಪ್ಪು ಬಿಳುಪು ಮೈ, ಬಣ್ಣಬಣ್ಣದ ದಪ್ಪ ಕೊಕ್ಕು. ನೋಡಿದರೆ ಮಕ್ಕಳಿಗೆ ನಗು ಬರುವಂಥ ಹಕ್ಕಿ. ಪೂರ್ವದ ಕಡೆಗೆ ತಿರುಗಿದ ಮೇಲೆ ದಾರಿ ಇಳಿಜಾರು. ಅಲ್ಲಿ ಸಿಗುವುದು ಬೆಲ್ವಾರ್ ಕೊಲ್ಲಿ. ಎರಡು ಕಡೆ ಬಂಡೆ, ಹಿಂದೆ ಗುಡ್ಡ, ಮುಂದೆ ತಿಳಿನೀರು, ನಡುವೆ ಅಂಗಳದಷ್ಟು ಮರಳು. ಪಶ್ಚಿಮದ ಗಾಳಿ ಅಲ್ಲಿಗೆ ತಟ್ಟುವುದಿಲ್ಲ. ನಮ್ಮ ಕರಾವಳಿಯ ನೆಟ್ಟಗಿನ ಉದ್ದ ಮರಳುದಂಡೆ ನೋಡಿ ಅಭ್ಯಾಸವಾದವರಿಗೆ ಇಂಥ ಸಣ್ಣ ಕೊಲ್ಲಿ ಹೊಸ ಅನುಭವ. ಸಮುದ್ರವನ್ನೇ ಯಾರೋ ಒಂದು ಕೋಣೆಯೊಳಗೆ ಕರೆದು ಕೂರಿಸಿದ ಹಾಗೆ ಕಾಣುತ್ತದೆ.

ಅಲ್ಲಿಂದ ಉತ್ತರಕ್ಕೆ ಸ್ವಲ್ಪ ನಡೆದರೆ ಶೆಲ್ ಬೀಚ್, ಅಂದರೆ ಚಿಪ್ಪಿನ ದಂಡೆ. ಹೆಸರು ಸುಮ್ಮನೆ ಬಂದದ್ದಲ್ಲ. ಬೊಗಸೆಯಲ್ಲಿ ಮರಳು ತೆಗೆದು ನೋಡಿದರೆ ಅದರಲ್ಲಿ ಹೆಚ್ಚಿನದು ಸಣ್ಣ ಚಿಪ್ಪುಗಳು ಮತ್ತು ಚಿಪ್ಪಿನ ಚೂರುಗಳು. ಸಮುದ್ರದ ಪ್ರವಾಹಗಳು ಲೆಕ್ಕವಿಲ್ಲದಷ್ಟು ವರ್ಷಗಳಿಂದ ತಂದು ಸುರಿದದ್ದು. ದ್ವೀಪದ ಉತ್ತರ ಭಾಗ ತಗ್ಗು, ಹುಲ್ಲು ಬೆಳೆದ ಮರಳುದಿಣ್ಣೆ. ಅಲ್ಲಿ ನೂತನ ಶಿಲಾಯುಗದ ಕಲ್ಲುಗೋರಿಗಳಿವೆ. ಲೋಹ ತಿಳಿಯದ ಕಾಲದ ಜನ ತಮ್ಮ ಸತ್ತವರನ್ನು ಮಲಗಿಸಿದ ಜಾಗ. ದ್ವೀಪದ ನಡುವೆ, ದಿಬ್ಬದ ಮೇಲೆ, ಸೇಂಟ್ ತುಗುವಾಲ್ ಎಂಬ ಸಂತನ ಹೆಸರಿನ ಹಳೆಯ ಪುಟ್ಟ ಇಗರ್ಜಿ ಇದೆ. ಬಂದರಿನ ಹತ್ತಿರ ಒಂದು ಹೋಟೆಲು, ಒಂದು ಪಾನಗೃಹ, ಒಂದೆರಡು ಅಂಗಡಿ. ನಮ್ಮಂಥ ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಹೋಗುವುದೇ ಲೇಸು. ಚಿತ್ರಾನ್ನ ತಿನ್ನುವುದಕ್ಕೆ ಬೆಲ್ವಾರ್ ಕೊಲ್ಲಿಗಿಂತ ಒಳ್ಳೆಯ ಜಾಗ ನನಗೆ ಕಾಣಲಿಲ್ಲ.

ನೀರಿಗೆ ಇಳಿಯುವವರಿಗೆ ಎರಡು ಮಾತು. ಚಿತ್ರದಲ್ಲಿ ನೋಡಿದರೆ ಬಿಸಿ ದೇಶದ ಸಮುದ್ರದಂತೆ ಹಸಿರು ನೀಲಿ ಬಣ್ಣ. ಮುಟ್ಟಿದರೆ ತಣ್ಣಗೆ! ಆಗಸ್ಟ್ ತಿಂಗಳಲ್ಲೂ ನೀರಿನ ಉಷ್ಣತೆ 17, 18 ಡಿಗ್ರಿಯ ಸುತ್ತ. ನಮ್ಮ ಅರಬ್ಬೀ ಸಮುದ್ರದ್ದು ಅದಕ್ಕಿಂತ ಬಹಳ ಹೆಚ್ಚು. ಎರಡನೆಯದು, ಭರತ ಇಷ್ಟು ದೊಡ್ಡದಾದ ಕಡೆ ನೀರಿನ ಸೆಳೆತವೂ ಅಷ್ಟೇ ಜೋರು. ಕೊಲ್ಲಿಯ ಒಳಗೆ, ದಡದ ಹತ್ತಿರ ಇದ್ದರೆ ಹಿತ. ಬಂಡೆಯ ತುದಿ ದಾಟಿ ಈಜುವುದು ಬೇಡ. ನೀರು ಇಳಿದಾಗ ಬಂಡೆಗಳ ಮೇಲೆ ದೂರ ನಡೆದುಹೋದವರು ನೀರು ಏರುವ ಹೊತ್ತನ್ನು ಮರೆಯಬಾರದು.

ಇನ್ನು ವಾಹನದ ವಿಷಯ. ಕಾರಿಲ್ಲದೆ ಊರು ನಡೆಯುವುದು ಹೇಗೆ ಎಂದು ತಾವು ಕೇಳಬಹುದು. ಕೆಲಸಕ್ಕೆ ಬೇಕಾದ ಟ್ರಾಕ್ಟರು ಮತ್ತು ನಾಲ್ಕು ಚಕ್ರದ ಸಣ್ಣ ಮೋಟಾರು ಗಾಡಿಗಳು ದ್ವೀಪದವರ ಬಳಿ ಇವೆ. ಹೋಟೆಲಿನಲ್ಲಿ ತಂಗುವವರ ಪೆಟ್ಟಿಗೆಗಳನ್ನು ಬಂದರಿನಿಂದ ಟ್ರಾಕ್ಟರೇ ಒಯ್ಯುತ್ತದೆ. ಮನುಷ್ಯರು ಹಿಂದಿನಿಂದ ನಡೆದು ಹೋಗುತ್ತಾರೆ. ಆ ಹೋಟೆಲಿನ ಹೆಸರು ವೈಟ್ ಹೌಸ್. ಕೋಣೆಗಳಲ್ಲಿ ಗಡಿಯಾರ, ಟಿವಿ, ಟೆಲಿಫೋನು ಇಡದಿರುವುದೇ ಅದರ ಹೆಗ್ಗಳಿಕೆಯಾಗಿ ಬೆಳೆದುಬಂದದ್ದು. ಕಾಯಿಲೆ ಜೋರಾದರೆ ಗರ್ನ್ಸಿಯಿಂದ ಆಂಬುಲೆನ್ಸ್ ದೋಣಿ ಬರಬೇಕು. ಹಾಲು, ಅಕ್ಕಿ, ಗ್ಯಾಸು, ಸಿಮೆಂಟು ಎಲ್ಲವೂ ದೋಣಿಯಲ್ಲೇ ಬರಬೇಕು. ಮೌನ ಬಿಟ್ಟಿಯಾಗಿ ಸಿಗುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಈಗ ಗೇಣಿಚೀಟಿಯ ವಿಚಾರಕ್ಕೆ ಬರೋಣ.

ಹರ್ಮ್ ಯಾವಾಗಲೂ ಹೀಗೆ ಶಾಂತವಾಗಿ ಇರಲಿಲ್ಲ. 19ನೆಯ ಶತಮಾನದಲ್ಲಿ ಅಲ್ಲಿ ಕರಿಗಲ್ಲಿನ ಗಣಿ ಇತ್ತು. ನೂರಾರು ಕೂಲಿಗಳು ಕಲ್ಲು ಒಡೆಯುತ್ತಿದ್ದರು. ಇಂದು ಪ್ರವಾಸಿಗರು ಇಳಿಯುವ ಬಂದರು ಆ ಕಲ್ಲು ಸಾಗಿಸುವುದಕ್ಕಾಗಿ ಕಟ್ಟಿದ್ದು. ಕುಡಿದು ಜಗಳವಾಡಿದ ಕೂಲಿಗಳನ್ನು ಕೂಡಿಹಾಕಲು ಕಟ್ಟಿದ ಒಂದು ಪುಟ್ಟ ಕಲ್ಲಿನ ಸೆರೆಮನೆ ಈಗಲೂ ಇದೆ. ಜಗತ್ತಿನ ಅತಿ ಸಣ್ಣ ಸೆರೆಮನೆಗಳಲ್ಲಿ ಒಂದು ಎಂದು ಅದನ್ನು ತೋರಿಸುತ್ತಾರೆ. ಗಣಿ ನಿಂತಿತು, ಜನ ಹೋದರು.

ದ್ವೀಪದ ಒಡೆತನ ಆಗ ಇಂಗ್ಲೆಂಡಿನ ಅರಸೊತ್ತಿಗೆಯದಾಗಿತ್ತು. ಅದನ್ನು ಗೇಣಿಗೆ ಕೊಡುವ ಪದ್ಧತಿ. 1889ರಲ್ಲಿ ಗೇಣಿ ಹಿಡಿದವನು ಪ್ರಷ್ಯದ ರಾಜಕುಮಾರ ಬ್ಲೂಕರ್. ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನ ವಿರುದ್ಧ ಕಾದಾಡಿದ ಸೇನಾಪತಿ ಬ್ಲೂಕರನ ವಂಶದವನು. ಆಸ್ಟ್ರೇಲಿಯದ ಕಾಂಗರೂ ಜಾತಿಯ ವಾಲಬಿ ಎಂಬ ಪ್ರಾಣಿಗಳನ್ನು ತಂದು ದ್ವೀಪದಲ್ಲಿ ಬಿಟ್ಟ ರಸಿಕ. ಆದರೆ ಹೊರಗಿನವರು ಬರುವುದು ಅವನಿಗೆ ಹಿಡಿಸುತ್ತಿರಲಿಲ್ಲ. ದ್ವೀಪ ಅವನ ಮನೆಯ ಹಿತ್ತಿಲಿನಂತೆ ನಡೆಯಿತು. ಮೊದಲನೆಯ ಮಹಾಯುದ್ಧ ಬಂದಾಗ ಅವನು ಶತ್ರುದೇಶದವನಾಗಿ ದ್ವೀಪ ಬಿಡಬೇಕಾಯಿತು. 1920ರಲ್ಲಿ ಕಾಂಪ್ಟನ್ ಮೆಕೆಂಜಿ ಎಂಬ ಲೇಖಕ ಗೇಣಿಗೆ ಬಂದ. ಖರ್ಚು ತಾಳಲಾರದೆ 1923ರಲ್ಲಿ ಬಿಟ್ಟುಕೊಟ್ಟ. ಅವನ ನಂತರ ಬಂದವರು ಸರ್ ಪರ್ಸಿವಲ್ ಪೆರಿ. ಬ್ರಿಟನ್ನಿನಲ್ಲಿ ಫೋರ್ಡ್ ಮೋಟಾರು ಕಂಪೆನಿಯ ಅಧ್ಯಕ್ಷರಾದವರು ಇವರೇ. ಊರೂರಿಗೆ ಕಾರು ಮಾರಿದ ಮನುಷ್ಯ ವಾಸಕ್ಕೆ ಆರಿಸಿಕೊಂಡ ದ್ವೀಪ ಇಂದು ಕಾರಿಲ್ಲದ ದ್ವೀಪವೆಂದು ಹೆಸರಾಗಿದೆ, ನೋಡಿ!

1940ರಲ್ಲಿ ಈ ದ್ವೀಪಗಳೆಲ್ಲ ಜರ್ಮನ್ ಸೈನ್ಯದ ವಶವಾದವು. 1945ರಲ್ಲಿ ಬಿಡುಗಡೆ. ಮರುವರ್ಷ, 1946ರಲ್ಲಿ, ಗರ್ನ್ಸಿಯ ಸರಕಾರ ಒಂದು ಕೆಲಸ ಮಾಡಿತು. ಹರ್ಮ್ ದ್ವೀಪವನ್ನು ಅರಸೊತ್ತಿಗೆಯಿಂದ ಕ್ರಯಕ್ಕೆ ತೆಗೆದುಕೊಂಡಿತು. ಉದ್ದೇಶ, ಗರ್ನ್ಸಿಯ ಜನ ಆ ಜಾಗದ ಚೆಲುವನ್ನು ಅನುಭವಿಸಬೇಕು ಎಂಬುದು. ಆದರೆ ಸರಕಾರ ತಾನೇ ಹೋಟೆಲು ನಡೆಸಲು, ಹುಲ್ಲು ಕೊಯ್ಯಲು ಹೋಗಲಿಲ್ಲ. ದ್ವೀಪವನ್ನು ಶರ್ತದ ಮೇಲೆ ಮತ್ತೆ ಗೇಣಿಗೆ ಕೊಟ್ಟಿತು. ಮುಖ್ಯ ಶರ್ತಗಳಲ್ಲಿ ಒಂದು, ದ್ವೀಪ ಸಾರ್ವಜನಿಕರಿಗೆ ತೆರೆದಿರಬೇಕು ಮತ್ತು ಅದರ ಅಂದ ಕೆಡಬಾರದು ಎಂಬುದು.

1949ರಲ್ಲಿ ಪೀಟರ್ ವುಡ್ ಮತ್ತು ಜೆನ್ನಿ ವುಡ್ ಎಂಬ ದಂಪತಿ ಗೇಣಿ ಹಿಡಿದರು. ಯುದ್ಧಕಾಲದಲ್ಲಿ ಹಾಳುಬಿದ್ದಿದ್ದ ಮನೆಗಳನ್ನು ಅವರು ರಿಪೇರಿ ಮಾಡಿಸಿದರು. ದ್ವೀಪದಿಂದ ಗರ್ನ್ಸಿಗೆ ಟಪಾಲು ಸಾಗಿಸುವುದಕ್ಕಾಗಿ 1949ರಿಂದ 1969ರವರೆಗೆ ಹರ್ಮ್‌ನದೇ ಅಂಚೆಚೀಟಿಗಳಿದ್ದವು. ಸಂಗ್ರಹಕಾರರು ಕೊಂಡದ್ದರಿಂದ ಸ್ವಲ್ಪ ಆದಾಯವೂ ಬಂತು. ಸುಮಾರು ಅರವತ್ತು ವರ್ಷ ದ್ವೀಪ ಆ ಕುಟುಂಬದ ಕೈಯಲ್ಲಿತ್ತು. 2008ರಲ್ಲಿ ಉಳಿದ ಅವಧಿಯ ಗೇಣಿಹಕ್ಕನ್ನು ಮಾರಾಟಕ್ಕಿಟ್ಟಾಗ ಗರ್ನ್ಸಿಯ ಜನರಿಗೆ ದಿಗಿಲು ಹುಟ್ಟಿದ್ದು ಸಹಜವೇ. ಯಾವ ಶ್ರೀಮಂತ ಬಂದು ಬೇಲಿ ಹಾಕುತ್ತಾನೋ! ಒಂದು ಟ್ರಸ್ಟು ಹಕ್ಕನ್ನು ಪಡೆಯಿತು. ಗೇಣಿದಾರ ಬದಲಾದ, ಬೇಲಿ ಬೀಳಲಿಲ್ಲ, ಕಾರೂ ಬರಲಿಲ್ಲ. ಏಕೆಂದರೆ ಮಾರಾಟವಾದದ್ದು ಶರ್ತಸಮೇತ ಗೇಣಿ, ಭೂಮಿಯಲ್ಲ. ಭೂಮಿ ಇಂದಿಗೂ ಗರ್ನ್ಸಿಯ ಜನರದು. ಈ ಗೇಣಿಗೂ ಒಂದು ಅವಧಿ ಇದೆ.

ಹಳೆಯ ದಕ್ಷಿಣ ಕನ್ನಡ ಜಿಲ್ಲೆಯವರಾದ ನಮಗೆ ಇದು ಅರ್ಥವಾಗದ ಸಂಗತಿಯಲ್ಲ. ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳನ್ನು ಕೇಳಿ ಬೆಳೆದ ತಲೆಮಾರು ನಮ್ಮದು. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿ ರದ್ದಾಯಿತು. ಉಳುವವನಿಗೆ ಭೂಮಿ ಬಂತು, ಅದು ನ್ಯಾಯವೇ ಆಯಿತು. ನಮ್ಮ ಹಿರಿಯರಿಗೆ ಗೇಣಿಚೀಟಿ ಎಂದರೆ ಧನಿಗಳ ಕೈಯಲ್ಲಿದ್ದ ಕೋಲು. ಹರ್ಮ್‌ನಲ್ಲಿ ಅದೇ ಬಗೆಯ ಕಾಗದ ಜನರ ಕೈಯಲ್ಲಿದೆ. ಧನಿ ಸ್ಥಾನದಲ್ಲಿ ಜನರು, ಗೇಣಿದಾರನ ಸ್ಥಾನದಲ್ಲಿ ಸಿರಿವಂತರು. ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ದಸ್ತಾವೇಜು ನೋಡಿದವನಾಗಿ ಹೇಳುತ್ತೇನೆ, ಕಾಗದದ ಮೊದಲ ಪುಟದಲ್ಲಿ ಮೊಬಲಗು ಇರುತ್ತದೆ, ಎಲ್ಲರೂ ಅದನ್ನು ಓದುತ್ತಾರೆ. ಬಾಳುವೆ ನಿರ್ಧಾರವಾಗುವುದು ಒಳಗಿನ ಶರ್ತಗಳಲ್ಲಿ. ಬ್ಲೂಕರನ ಕಾಲದಲ್ಲೂ ಹರ್ಮ್ ಶಾಂತವಾಗಿಯೇ ಇತ್ತು. ಆದರೆ ಆ ಶಾಂತಿ ಒಬ್ಬನದು. ಇಂದಿನ ಶಾಂತಿ ದೋಣಿಯ ಟಿಕೇಟು ತೆಗೆದುಕೊಂಡ ಪ್ರತಿಯೊಬ್ಬರದು. ಕೊಲ್ಲಿ ಅದೇ, ಮರಳು ಅದೇ, ಬದಲಾದದ್ದು ಶರ್ತ.

ಎಲ್ಲವೂ ಚೆನ್ನ ಎಂದು ಹೇಳಿ ಹೊಗಳುವುದು ನನ್ನ ಇರಾದೆಯಲ್ಲ. ಅಲ್ಲಿನ ನಿವಾಸಿಗಳಿಗೆ ಕೆಲಸ ಕೊಡುವವನೂ ಮನೆ ಕೊಡುವವನೂ ಗೇಣಿದಾರನೇ. ಕೆಲಸ ಬಿಟ್ಟವನಿಗೆ ದ್ವೀಪದಲ್ಲಿ ತನ್ನದೆನ್ನುವ ಮಣ್ಣಿಲ್ಲ. ಅಲ್ಲಿ ಹುಟ್ಟಿ ಬೆಳೆದ ಮಗುವಿಗೂ ಪಟ್ಟೆ ಇಲ್ಲ, ಪಾಲು ಇಲ್ಲ. ಬಂದುಹೋಗುವವರಿಗೆ ಮೌನ ಸಿಗುವುದು, ಇರುವವರು ಈ ಕಟ್ಟುಪಾಡನ್ನು ಒಪ್ಪಿರುವುದರಿಂದ. ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮಂಥ ಗಡಿನಾಡಿನವರ ಕಿವಿಗೆ ತಟ್ಟುವ ಇನ್ನೊಂದು ವಿಷಯವನ್ನೂ ಹೇಳಬೇಕು. ಬೆಲ್ವಾರ್, ರೊಜೇರ್ ಮುಂತಾದ ಹೆಸರುಗಳನ್ನು ಗಮನಿಸಿದಿರಾ? ಇವು ಇಂಗ್ಲಿಷ್ ಅಲ್ಲ, ಫ್ರೆಂಚ್ ಕಡೆಯ ಹೆಸರುಗಳು. ಈ ದ್ವೀಪಗಳು ಮೊದಲು ಫ್ರಾನ್ಸಿನ ನಾರ್ಮಂಡಿ ಸಂಸ್ಥಾನಕ್ಕೆ ಸೇರಿದ್ದವು. 1204ರಲ್ಲಿ ಇಂಗ್ಲೆಂಡಿನ ಅರಸ ನಾರ್ಮಂಡಿಯನ್ನು ಕಳೆದುಕೊಂಡ. ದ್ವೀಪಗಳು ಮಾತ್ರ ಅವನ ಬಳಿ ಉಳಿದವು. ಭಾಷೆ ಒಂದು ಕಡೆ, ಆಡಳಿತ ಇನ್ನೊಂದು ಕಡೆ; 1956ರ ನಂತರದ ನಮ್ಮ ಹಾಗೆ. ಗರ್ನ್ಸಿಯ ಮನೆಮಾತು ನಾರ್ಮನ್ ಫ್ರೆಂಚಿನ ಒಂದು ಬಗೆ. ನೂರಾರು ವರ್ಷ ಅದು ಹೊಲದಲ್ಲಿ, ದೋಣಿಯಲ್ಲಿ, ಸಂತೆಯಲ್ಲಿ ಬಾಳಿತು. ಶಾಲೆ ಮತ್ತು ವ್ಯಾಪಾರ ಇಂಗ್ಲಿಷಿಗೆ ತಿರುಗಿದವು. 1940ರಲ್ಲಿ ಜರ್ಮನರು ಬರುವ ಮೊದಲು ಸಾವಿರಾರು ಮಕ್ಕಳನ್ನು ಇಂಗ್ಲೆಂಡಿಗೆ ಸಾಗಿಸಿದರು. ಐದು ವರ್ಷ ಕಳೆದು ಮರಳಿದಾಗ ಅನೇಕರ ನಾಲಿಗೆಯಲ್ಲಿ ಮನೆಮಾತು ಉಳಿದಿರಲಿಲ್ಲ. 2001ರ ಜನಗಣತಿಯಲ್ಲಿ ಅದನ್ನು ಸರಾಗವಾಗಿ ಮಾತಾಡಬಲ್ಲೆವು ಎಂದವರು 1,327 ಮಂದಿ. ಅವರಲ್ಲಿ ಹೆಚ್ಚಿನವರು ವೃದ್ಧರು. ಕೊಲ್ಲಿಯನ್ನು ಕಾಯುವುದಕ್ಕೆ ಶರ್ತ ಬರೆದವರು ಕೊಲ್ಲಿಗೆ ಹೆಸರಿಟ್ಟ ಮಾತನ್ನು ಕಾಯುವ ಶರ್ತವನ್ನು ಯಾವ ಚೀಟಿಯಲ್ಲೂ ಬರೆಯಲಿಲ್ಲ. ಮರಳು ಉಳಿಯಿತು, ಮಾತು ಸವೆಯಿತು. ನಮ್ಮ ಮಕ್ಕಳ ಶಾಲೆಯ ಅರ್ಜಿಯಲ್ಲಿ ಮಾತೃಭಾಷೆ ಎಂಬ ಕಲಮಿನ ಮುಂದೆ ಏನು ಬರೆಯುತ್ತೇವೆ ಎಂಬುದೂ ಒಂದು ಶರ್ತವೇ ಎಂದು ನನಗೆ ಅಂದಿನಿಂದ ಅನ್ನಿಸುತ್ತದೆ.

ಹರ್ಮ್ ತನಕ ಹೋಗಲು ಎಲ್ಲರಿಗೂ ಆಗದು. ಕಾರಿಲ್ಲದ ದ್ವೀಪ ನೋಡಬೇಕೆನ್ನುವವರಿಗೆ ನಮ್ಮ ಹತ್ತಿರವೇ, ಉಡುಪಿಯ ಮಲ್ಪೆಯ ಎದುರಿಗೆ, ಸೇಂಟ್ ಮೇರಿ ದ್ವೀಪಗಳಿವೆ. ಕಂಬ ನಿಲ್ಲಿಸಿದಂತೆ ಸೀಳಿ ನಿಂತ ಅಗ್ನಿಶಿಲೆ, ಬಂಡೆಗಳ ನಡುವೆ ಚಿಪ್ಪು ತುಂಬಿದ ಸಣ್ಣ ಸಣ್ಣ ಮರಳುದಂಡೆ. ಅಲ್ಲಿ ಯಾರೂ ವಾಸವಿಲ್ಲ, ರಾತ್ರಿ ತಂಗುವಂತಿಲ್ಲ, ಮಳೆಗಾಲದಲ್ಲಿ ದೋಣಿ ನಿಲ್ಲುತ್ತದೆ. ಹರ್ಮ್‌ನ ಹಾಗೆ ಊಟದ ಮನೆ, ಗೇಣಿದಾರ, ಟ್ರಾಕ್ಟರು ಯಾವುದೂ ಅಲ್ಲಿಲ್ಲ. ಹೋದವರು ಕಸವನ್ನು ತಾವೇ ಹಿಂದಕ್ಕೆ ತರಬೇಕು.

ಇನ್ನೊಂದು ಸಣ್ಣ ಸಲಹೆ. ತಮ್ಮ ಪಂಚಾಯತಿನ ವ್ಯಾಪ್ತಿಯಲ್ಲಿ ಕಡಲ ದಂಡೆಯೋ, ಕೆರೆಯ ಏರಿಯೋ, ಬನವೋ, ಮೈದಾನವೋ ಇದ್ದೇ ಇರುತ್ತದೆ. ಅದನ್ನು ಯಾರಿಗಾದರೂ ನಡೆಸಲು ಕೊಡುವ ಮಾತು ಗ್ರಾಮಸಭೆಯಲ್ಲಿ ಬಂದರೆ, ಎಷ್ಟು ಹಣ ಬರುತ್ತದೆ ಎಂದು ಕೇಳಿ ಕುಳಿತುಕೊಳ್ಳಬೇಡಿ. ಶರ್ತ ಏನು, ಅವಧಿ ಎಷ್ಟು, ನಾಳೆ ಹಕ್ಕು ಬೇರೆಯವರಿಗೆ ಹೋದರೆ ನಮಗೆ ನಡೆದಾಡಲು ದಾರಿ ಇರುತ್ತದೆಯೇ, ಇವನ್ನೂ ಕೇಳಿ. ಕಾಗದ ಮಲಯಾಳದಲ್ಲಿ ಇದ್ದರೆ ಕನ್ನಡದಲ್ಲಿ ಓದಿಹೇಳಲು ಹೇಳಿ. ಹರ್ಮ್‌ನ ಬೆಲ್ವಾರ್ ಕೊಲ್ಲಿಯಲ್ಲಿ ಇವತ್ತು ಯಾವುದೋ ಮಗು ನಿರಾತಂಕವಾಗಿ ಮರಳಾಟ ಆಡುತ್ತಿದ್ದರೆ, 1946ರಲ್ಲಿ ಯಾರೋ ಕೆಲವರು ಅಂಥ ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಬರೆಸಿಕೊಂಡದ್ದೇ ಅದಕ್ಕೆ ಕಾರಣ.